ಮೆರಿಟ್ ಕೆರೆಯ ದಂಡೆಯಲ್ಲಿ ಕೆನ್ಯಾದ ಕಾಡು

ಮಿಲ್ಪಿಟಾಸ್ ಸ್ಟೇಷನ್ನಿನಿಂದ ಬೆಳಿಗ್ಗೆ ಹತ್ತೂಕಾಲರ ರೈಲು ಹಿಡಿದೆವು. ಶನಿವಾರವಾದ್ದರಿಂದ ಬೋಗಿ ಅರ್ಧ ಖಾಲಿಯಿತ್ತು. ಓಕ್‌ಲಂಡಿನ ಲೇಕ್ ಮೆರಿಟ್ ಸ್ಟೇಷನ್ನಿಗೆ ಮುಕ್ಕಾಲು ಗಂಟೆಯ ದಾರಿ. ಒಬ್ಬರಿಗೆ ಆರು ಡಾಲರ್ ಆಸುಪಾಸಿನ ಟಿಕೆಟ್. ನನ್ನ ಜೊತೆಗಿದ್ದವಳು ತಂಗಿಯ ಮಗಳು ಅನಘಾ. ಅಮೆರಿಕದಲ್ಲೇ ಹುಟ್ಟಿದವಳು, ಈಗ ಕಾಲೇಜಿನ ಎರಡನೇ ವರ್ಷ. ಅವಳ ಗೆಳತಿಯ ಅಜ್ಜಿ ವಂಜಿಕು ಕೆನ್ಯಾದವರು. ಬ್ರಿಟಿಷರ ವಿರುದ್ಧ ಕಾಡು ಸೇರಿದ್ದ ಮೌ ಮೌ ಬಂಡಾಯಗಾರರಿಗೆ ಸಣ್ಣ ಹುಡುಗಿಯಾಗಿದ್ದಾಗ ಊಟ ಹೊತ್ತೊಯ್ದವರು ಎಂದು ಅನಘಾ ಹೇಳಿದಂದಿನಿಂದ, ಅವರನ್ನು ನೋಡಲೇಬೇಕೆಂದು ನಾನು ಹಟ ಹಿಡಿದಿದ್ದೆ.

ಧಾರವಾಡದ ಹೈಸ್ಕೂಲಿನಲ್ಲಿ ಮೂವತ್ತೊಂದು ವರ್ಷ ಇತಿಹಾಸ ಕಲಿಸಿದವಳು ನಾನು. ಆಫ್ರಿಕಾಕ್ಕೆ ಅರ್ಧ ಪಿರಿಯಡ್ಡು ಸಾಕಾಗುತ್ತಿತ್ತು. ಘಾನಾದಲ್ಲಿ ಮುಷ್ಕರ, ಚುನಾವಣೆ. ಅಲ್ಜೀರಿಯಾ, ಕೆನ್ಯಾ, ಅಂಗೋಲಾಗಳಲ್ಲಿ ಸಶಸ್ತ್ರ ದಂಗೆ. ಕೊನೆಗೆ ಎಲ್ಲ ದೇಶಗಳೂ ಸ್ವತಂತ್ರವಾದವು. ಮಕ್ಕಳು ಆ ಸಾಲಿನ ಕೆಳಗೆ ಗೆರೆ ಎಳೆದುಕೊಳ್ಳುವಷ್ಟರಲ್ಲಿ ಗಂಟೆ ಬಾರಿಸಿರುತ್ತಿತ್ತು.

ನಡುವಿನ ಫ್ರೀಮಾಂಟ್ ಸ್ಟೇಷನ್ನಿನಲ್ಲಿ ಚುರುಗುಟ್ಟುತ್ತಿದ್ದ ಬಿಸಿಲು ಓಕ್‌ಲಂಡ್ ತಲುಪುವಷ್ಟರಲ್ಲಿ ಮೋಡದ ಹಿಂದೆ ಹೋಗಿತ್ತು. ಕೆರೆಯ ದಂಡೆಯಲ್ಲಿ ಬಾತುಗಳು ದಾರಿ ಬಿಡದೆ ಅಡ್ಡಾಡುತ್ತಿದ್ದವು. ಹತ್ತು ನಿಮಿಷ ನಡೆದು ಅಪಾರ್ಟ್‌ಮೆಂಟಿನ ಮೂರನೇ ಮಹಡಿಗೆ ಹೋದಾಗ ವಂಜಿಕು ಅವರೇ ಬಾಗಿಲು ತೆರೆದರು. ಎಂಬತ್ತು ದಾಟಿದ, ನನ್ನ ಭುಜದೆತ್ತರದ ಹೆಂಗಸು. ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ಮೇಜಿನ ಮೇಲೆ ಚಪಾತಿ, ಹುರುಳಿಕಾಯಿ ಪಲ್ಯ, ಹಾಲು ಹಾಕಿ ಕುದಿಸಿದ ಚಹಾ ಇದ್ದವು. ನಾನು ಬೆರಗಾಗಿ ನೋಡಿದೆ.

"ಚಪಾತಿ ನಿಮ್ಮವರಿಂದಲೇ ಕಲಿತದ್ದು," ಎಂದು ನಕ್ಕರು. "ಕೆನ್ಯಾದಲ್ಲಿ ರೈಲುದಾರಿ ಹಾಕುವುದಕ್ಕೆ ಬಂದಿದ್ದರಲ್ಲ. ಮೊದಲು ಊಟ ಮಾಡಿ."

ಅವರ ಇಂಗ್ಲಿಷು ನಿಧಾನ, ಸ್ಪಷ್ಟ. ಊಟವಾದ ಮೇಲೆ ನಾನು ಕೇಳದೆಯೇ ಹೇಳತೊಡಗಿದರು. ಬಂಡಾಯಗಾರರಿಗೆ ಯಾರೂ ಊಟ ಕೊಡಬಾರದೆಂದು ಬ್ರಿಟಿಷರು ಹಳ್ಳಿಗಳ ಜನರನ್ನೆಲ್ಲ ಒಂದೆಡೆ ಕೂಡಿಹಾಕಿ ಸುತ್ತ ಕಂದಕ ತೋಡಿಸಿದ್ದರು. ಕಂದಕ ತೋಡಿದವರು ಹೆಂಗಸರೇ. ವಂಜಿಕು ಅವರ ತಾಯಿಯೂ ಅವರಲ್ಲೊಬ್ಬರು. ಅಣ್ಣ ಕಾಡಿನಲ್ಲಿದ್ದ. ಚಿಕ್ಕಪ್ಪ ಬ್ರಿಟಿಷರ ಕಾವಲು ಪಡೆ ಸೇರಿ, ಅದೇ ಹಳ್ಳಿಯ ಗೇಟಿನಲ್ಲಿ ಬಂದೂಕು ಹಿಡಿದು ನಿಲ್ಲುತ್ತಿದ್ದ.

"ನನಗಾಗ ಹನ್ನೊಂದು ವರ್ಷ. ಒಂದು ದಿನ ಅಮ್ಮ ಸೋರೆಬುರುಡೆಯ ತಳಕ್ಕೆ ಐದು ಗುಂಡು ಹಾಕಿ, ಮೇಲೆ ಗಟ್ಟಿ ಅಂಬಲಿ ಸುರಿದಳು. ಕೇಳಿದರೆ ಹೊಲದಲ್ಲಿರುವವರಿಗೆ ಊಟ ಅಂತ ಹೇಳು ಅಂದಳು. ಗೇಟಿನಲ್ಲಿ ಚಿಕ್ಕಪ್ಪ, ಪಕ್ಕದಲ್ಲಿ ಬಿಳಿಯ ಅಧಿಕಾರಿ. ಚಿಕ್ಕಪ್ಪ ಬುರುಡೆ ಎತ್ತಿ ತೂಗಿ ನೋಡಿದ. ನನ್ನ ಕೈಗೆ ವಾಪಸು ಕೊಟ್ಟು, ಕುಡಿ ಅಂದ."

"ಕುಡಿದಿರಾ?"

"ಕುಡಿದೆ. ನಿಲ್ಲಿಸಿದರೆ ಗೊತ್ತಾಗುತ್ತದೆ ಅಂತ ಕುಡಿಯುತ್ತಲೇ ಇದ್ದೆ. ಕೊನೆಗೆ ಒಂದು ಗುಂಡು ಹಲ್ಲಿಗೆ ತಾಗಿತು. ಆಗ ಚಿಕ್ಕಪ್ಪ, ಸಾಕು, ಹೋಗು ಅಂದ."

ಅನಘಾ ಕಪ್ಪನ್ನು ಕೆಳಗಿಟ್ಟಳು.

ಕಾಡಿಗೆ ಹೋಗಿ ನೋಡಿದರೆ ಅಣ್ಣ ಎರಡು ದಿನದಿಂದ ಏನೂ ತಿಂದಿರಲಿಲ್ಲವಂತೆ. ಅಂಬಲಿಯೆಲ್ಲ ನಾನೇ ಕುಡಿದೆ ಎಂದು ಇವರು ಅತ್ತರೆ, ಅವನು ಗುಂಡುಗಳನ್ನು ಎಲೆಯಿಂದ ಒಂದೊಂದಾಗಿ ಒರೆಸಿಟ್ಟು, ಬುರುಡೆಯೊಳಗೆ ಬೆರಳಾಡಿಸಿ ನೆಕ್ಕಿದ. ಅವನನ್ನು ನೋಡಿದ್ದು ಅದೇ ಕೊನೆ. ಎಲ್ಲಿ ಸತ್ತ, ಎಲ್ಲಿ ಹೂತರು, ಮನೆಯವರಿಗೆ ಇವತ್ತಿಗೂ ತಿಳಿಯದು.

ನನ್ನ ಮನಸ್ಸಿನಲ್ಲಿದ್ದುದನ್ನು ಕೇಳಿದೆ. "ಬಂದೂಕು ಎತ್ತದಿದ್ದರೂ ಸ್ವಾತಂತ್ರ್ಯ ಬರುತ್ತಿತ್ತಲ್ಲವೇ?"

ಅವರು ಬೇಸರಪಡಲಿಲ್ಲ. "ಬರುತ್ತಿತ್ತೇನೋ. ಯಾವಾಗ ಅಂತ ಯಾರು ಹೇಳುತ್ತಾರೆ? ಕಾಡಿನಲ್ಲಿ ನಾವು ಸೋತೆವು, ಅದು ನಿಜ. ಆದರೆ ನಮ್ಮನ್ನು ಸೋಲಿಸುವುದಕ್ಕೆ ಅವರು ದಂಡು ತಂದರು, ವಿಮಾನ ತಂದರು. ಅಷ್ಟೆಲ್ಲ ಮಾಡಿ ಇಲ್ಲೇ ಕೂರಲು ಸಾಧ್ಯವಿಲ್ಲ ಅಂತ ಅವರಿಗೇ ಅನ್ನಿಸಿತು. ಕೆಲವೇ ವರ್ಷದಲ್ಲಿ ಬಾವುಟ ಇಳಿಸಿದರು." ಕಿಟಕಿಯಾಚೆ ನೋಡುತ್ತ ಮುಂದುವರಿಸಿದರು: "ಆ ಐದು ಗುಂಡು ಯಾರಿಗೋ ತಾಗಿರುತ್ತವೆ. ನಮ್ಮವರಿಗೇ ತಾಗಿರಬಹುದು. ಅದನ್ನೂ ನಾನು ಮರೆತಿಲ್ಲ."

"ಬುರುಡೆಯಲ್ಲಿ ಗುಂಡು ಇದ್ದದ್ದು ಚಿಕ್ಕಪ್ಪನಿಗೆ ಗೊತ್ತಿತ್ತೇ?"

"ಸ್ವಾತಂತ್ರ್ಯ ಬಂದ ಮೇಲೆ ಎಷ್ಟೋ ವರ್ಷ ನಮ್ಮ ಪಕ್ಕದಲ್ಲೇ ಇದ್ದ. ಬಹಳ ಜನ ಅವನನ್ನು ಮಾತನಾಡಿಸುತ್ತಿರಲಿಲ್ಲ. ನಾನು ಮಾತನಾಡಿಸುತ್ತಿದ್ದೆ. ಅದೊಂದನ್ನು ಮಾತ್ರ ಕೇಳಲಿಲ್ಲ. ಗೊತ್ತಿರಲಿಲ್ಲ ಅಂದುಬಿಟ್ಟರೆ ಏನು ಮಾಡಲಿ?"

ಎರಡೂವರೆಗೆ ಹೊರಟೆವು. ನಾವು ಬೇಡವೆಂದರೂ ಕೇಳದೆ ವಂಜಿಕು ಲಿಫ್ಟಿನವರೆಗೆ ಬಂದರು. ಗೋಡೆ ಹಿಡಿಯದೆ, ನೆಟ್ಟಗೆ ನಡೆದರು. ಉಳಿದ ಚಪಾತಿಗಳನ್ನು ಕಾಗದದಲ್ಲಿ ಸುತ್ತಿ ಅನಘಾಳ ಚೀಲಕ್ಕೆ ಹಾಕಿದರು.

ವಾಪಸು ರೈಲು ಹೇವರ್ಡ್ ಸ್ಟೇಷನ್ ದಾಟಿತು. ಆಮೇಲೆ ಅನಘಾ ಕೇಳಿದಳು. "ದೊಡ್ಡಮ್ಮ, ವುಡ್ ಯೂ ಹ್ಯಾವ್ ಗಾನ್? ಆ ಗೇಟಿಗೆ?"

ಹೌದೆನ್ನಬೇಕೆಂದುಕೊಂಡವಳು ನಿಜವನ್ನೇ ಹೇಳಿದೆ. "ಗೊತ್ತಿಲ್ಲವ್ವಾ. ನಂಗ ಭಾಳ ಅಂಜಿಕಿ ಆಗ್ತಿತ್ತು."

"ಅವ್ರಿಗೂ ಆಗಿರ್ತದ," ಎಂದಳು ಅವಳು.

ನಾನು ತಿರುಗಿ ಬಂದ ದಿಕ್ಕಿನತ್ತ ನೋಡಿದೆ. ಓಕ್‌ಲಂಡಿನ ಮೇಲೆ ಮೋಡ ಇನ್ನೂ ಹಾಗೆಯೇ ಕವಿದಿತ್ತು.