ಅರಿಶಿಣದ ಸೀರೆ ನೀಲಿಯಾದದ್ದು

ಎರಡು ಸಾವಿರದ ಇಸವಿ ದಾಟಿದ ಹೊಸತರಲ್ಲಿ ನಾನು ಪುಣೆಯ ಹಡಪಸರದ ಸಣ್ಣ ಕಂಪನಿಯೊಂದರಲ್ಲಿ ಪ್ರೋಗ್ರಾಂ ಬರೆಯುತ್ತಿದ್ದೆ. ಪುಣೆಯಲ್ಲೇ ಅಂಗಡಿ ಇಟ್ಟಿದ್ದ ಬಾಗಲಕೋಟೆ ಕಡೆಯ ಸೀರೆ ವ್ಯಾಪಾರಿಯೊಬ್ಬರು, ನಾನೂ ಅದೇ ಸೀಮೆಯವನೆಂದು ತಿಳಿದು, ಒಂದು ಕೆಲಸ ತಂದರು. ಪರದೆಯ ಮೇಲೊಂದು ಹೆಣ್ಣಿನ ಚಿತ್ರ. ಬಣ್ಣದ ಹೆಸರು ಒತ್ತಿದರೆ ಅವಳ ಸೀರೆ ಆ ಬಣ್ಣಕ್ಕೆ ತಿರುಗಬೇಕು.

“ಸೀರಿ ಬಿಚ್ಚಿ ತೋರ್ಸೂದು, ಮತ್ತ ಮಡಚೂದು, ಇದ್ರಾಗ ದಿನಾ ಮುಗೀತದ್ರಿ,” ಎಂದರು.

ಬಣ್ಣಗಳೆಲ್ಲ ಫೈಲಿನಲ್ಲಿ ಅಕ್ಷರಗಳಾಗಿದ್ದವು. ಅರಿಶಿಣವೆಂದರೆ FFCC00. ಕಂಪ್ಯೂಟರಿಗೆ ಅದು ಬರೀ ಬರಹ. ಎರಡೆರಡು ಅಕ್ಷರ ಕತ್ತರಿಸಿ, ಕೆಂಪೆಷ್ಟು, ಹಸಿರೆಷ್ಟು, ನೀಲಿಯೆಷ್ಟು ಎಂದು ಸಂಖ್ಯೆ ಮಾಡಿ ಕೊಟ್ಟರಷ್ಟೇ ಪರದೆ ಬಣ್ಣ ಬಳಿದುಕೊಳ್ಳುತ್ತದೆ. ಹಾಗೇ ಬರೆದು, ಅಚ್ಚ ಹಸಿರನ್ನು ಒತ್ತಿ ನೋಡಿದೆ. ಸೀರೆ ಹಸಿರಾಯಿತು. ಹುಮ್ಮಸ್ಸಿನಿಂದ ಅಂಗಡಿಗೆ ಒಯ್ದೆ.

ಅಲ್ಲಿ ಮದುವೆ ಜವಳಿಗೆ ಬಂದ ಮರಾಠಿ ಹುಡುಗಿ, ಅವಳ ತಾಯಿ ಕೂತಿದ್ದರು. ಅರಿಶಿಣ ಒತ್ತಿದೆ. ಸೀರೆ ತಿಳಿನೀಲಿಯಾಯಿತು.

ಸಾಹುಕಾರರು ಪರದೆ ನೋಡಿದರು, ನನ್ನನ್ನು ನೋಡಿದರು. “ನಿಮ್ಮ ಮನ್ಯಾಗ ಅರಿಶಿಣ ಹಿಂಗ ಇರತದೇನ್ರಿ?”

“ತಡೀರಿ,” ಎಂದು ಕುಂಕುಮ ಒತ್ತಿದೆ. ಅದು ಕಡುನೀಲಿಯಾಯಿತು. ತಾಯಿ ಬಾಯಿಗೆ ಸೆರಗು ಹಿಡಿದರು.

ಆಗ ಹೊಳೆಯಿತು: ನಾನು ಕೆಂಪನ್ನು ಮೊದಲು ಕೊಡುತ್ತಿದ್ದೆ, ಪರದೆ ನೀಲಿಯನ್ನು ಮೊದಲು ಕೇಳುತ್ತಿತ್ತು. ಹಸಿರು ಹೇಗಿದ್ದರೂ ನಡುವೆಯೇ; ಅದಕ್ಕೇ ಆಫೀಸಿನಲ್ಲಿ ಏನೂ ಗೊತ್ತಾಗಿರಲಿಲ್ಲ. ಅಲ್ಲೇ ಕೂತು ಅದಲುಬದಲು ಮಾಡಿದೆ. ಅರಿಶಿಣ ಅರಿಶಿಣವಾಯಿತು.

ಹುಡುಗಿ ಬೇಡವೆಂದು ತಲೆಯಾಡಿಸಿದಳು. ತನಗೆ ಮೊದಲು ಬಂದ ನೀಲಿಯೇ ಬೇಕೆಂದು ಮರಾಠಿಯಲ್ಲಿ ಹಟ ಹಿಡಿದಳು. ಸಾಹುಕಾರರು ಕಪಾಟುಗಳನ್ನೆಲ್ಲ ತಡಕಿದರು. ಅಂಥ ನೀಲಿ ಇರಲಿಲ್ಲ. ಇಳಕಲ್ಲಿನ ನೇಕಾರರಿಗೆ ಫೋನ್ ಹಚ್ಚಿ, “ಅರಿಶಿಣ ಉಲ್ಟಾ ಮಾಡಿದ್ರ ಬರೋ ನೀಲಿ, ಹ್ಯಾಂಗ ಹೇಳ್ಲಿ…” ಎನ್ನುತ್ತ ರಿಸೀವರನ್ನು ನನ್ನ ಕೈಗೆ ತುರುಕಿದರು.

ನಾನು ಗಂಭೀರವಾಗಿ, “ಸೊನ್ನಿ ಸೊನ್ನಿ ಸಿ ಸಿ ಎಫ್ ಎಫ್,” ಎಂದೆ.

ಆ ಕಡೆಯಿಂದ ನೇಕಾರರು, “ಇದು ಲಾರಿ ನಂಬರೇನ್ರಿ?”

ಕೊನೆಗೆ ಬಣ್ಣವನ್ನು ಕಾಗದದ ಮೇಲೆ ಪ್ರಿಂಟ್ ತೆಗೆದು ಬಸ್ಸಿಗೆ ಕೊಟ್ಟು ಕಳಿಸಿದೆವು. ಆಫೀಸಿನ ಪ್ರಿಂಟರಿನಲ್ಲಿ ಶಾಯಿ ಮುಗಿಯುತ್ತ ಬಂದಿತ್ತು. ಸೀರೆ ಬಂದಾಗ ನೋಡಿದರೆ ನವಿಲಿನ ಕತ್ತಿನ ಬಣ್ಣ. ನಾನು, ಸಾಹುಕಾರರು ಮುಖ ಮುಖ ನೋಡಿಕೊಂಡೆವು. ಹುಡುಗಿ ಹೆಗಲ ಮೇಲೆ ಹಾಕಿಕೊಂಡು ಕನ್ನಡಿಯ ಮುಂದೆ ನಿಂತು, ತಾಯಿಗೆ ಹೇಳಿದಳು: “ಹಾಚ್ ತೋ ರಂಗ್.” ಅದೇ ಬಣ್ಣವಂತೆ.

ಸಾಹುಕಾರರು ಲಗುಬಗೆಯಿಂದ ಸೀರೆ ಮಡಚಿ ಪ್ಯಾಕ್ ಮಾಡಿಸಿ, ನನಗೆ ಚಹಾ ತರಿಸಿದರು.