ಹಾಳೂರಿನ ಮಣ್ಣು

ಸಾಬರ ಹೆಬ್ಬೆರಳಿನ ಉಗುರುಸಂದಿಯಲ್ಲಿ ಸದಾ ಬೂದುಮಣ್ಣು. ಶ್ರೀರಂಗಪಟ್ಟಣದ ಕೆಳಗೆ, ಹರಿಗೋಲು ಬಿಟ್ಟರೆ ಬೇರೆ ದಾರಿಯೇ ಇಲ್ಲದ ಕಾವೇರಿಯ ನಡುಗಡ್ಡೆಯಲ್ಲಿ, ಹಳೇ ಕಾಲದ ಜನ ಬಾಳಿಹೋದ ದಿಬ್ಬವಿದೆ. ನಮ್ಮ ಕಡೆ ಅದಕ್ಕೆ ಹಾಳೂರು ಎನ್ನುತ್ತಾರೆ. ಅಲ್ಲೊಂದು ಸರ್ಕಾರಿ ಬೋರ್ಡು, ದಿಬ್ಬ ಕಾಯಲು ವಾಚ್‌ಮನ್ ಸಾಬರು. ಮಳೆಗೆ ಮೇಲೆದ್ದ ಮಡಕೆಚೂರನ್ನು ಹೆಬ್ಬೆರಳಲ್ಲಿ ಒತ್ತಿ ಮತ್ತೆ ಅಲ್ಲೇ ಕೂರಿಸುತ್ತಿದ್ದರು. “ಯಾರ ಮನೆ ಅಡಿಗೆಮನೇನೋ, ನಾವ್ಯಾಕ್ಲಾ ಕದಲುಸ್ಬೇಕು?” ಎಂದು ಹರಿಗೋಲು ಹಾಕುವ ನನಗೆ ಹೇಳುತ್ತಿದ್ದರು.

ಹಾಳೂರಿನ ಮಣ್ಣು ಬೆಳೆಗೆ ಗೊಬ್ಬರಕ್ಕಿಂತ ಮೇಲೆಂದು ನಮ್ಮವರ ನಂಬಿಕೆ. ಸಾಬರು ರಂಜಾನಿಗೆ ನಾಗಮಂಗಲಕ್ಕೆ ಹೋಗಿದ್ದಾಗ ನಮ್ಮೂರ ಯಜಮಾನ ಹೊರಗಿನ ಆಳುಗಳಿಂದ ದಿಬ್ಬ ಅಗೆಸಿ, ತನ್ನ ಕಬ್ಬಿನ ಗದ್ದೆಗೆ ಹೊಡೆಸಿಕೊಂಡ. ಗುಟ್ಟಾಗಿ ಮಣ್ಣು ದಾಟಿಸಿದ ಹರಿಗೋಲು ನನ್ನದು. ಆಗುವುದಿಲ್ಲ ಎನ್ನುವ ಎದೆಗಾರಿಕೆ ನನಗಿರಲಿಲ್ಲ. ಆಫೀಸರು ವಿಚಾರಣೆಗೆ ಬಂದರೆ, ಆ ಪಾಪಿ ನಾಚಿಕೆಯಿಲ್ಲದೆ, ಸಾಬರೇ ಯಾರಿಗೋ ಮಾರಿಕೊಂಡರು ಅಂದ. ಸಾಬರು ನನ್ನ ಕಡೆ ಒಮ್ಮೆ ನೋಡಿದರು, ನನ್ನ ಹೆಸರು ಮಾತ್ರ ಹೇಳಲಿಲ್ಲ. ಕೆಲಸ ಹೋಯಿತು. ಕಳ್ಳ ಎಂಬ ಹೆಸರು ಉಳಿಯಿತು.

ನಾನು ಹೋಗಿ ಕಾಲು ಹಿಡಿದೆ. “ಅಳ್ಬ್ಯಾಡ ಕಣ್ಲಾ. ಕಬ್ಬು ಬೆಳೀಲಿ ಬುಡು,” ಅಂದರು.

ವರ್ಷವಿಡೀ ಕಾದರು. ಆ ಗದ್ದೆಯ ಬದುವಿನ ಮೇಲೆ ನಡೆದು, ತಮ್ಮದೇ ಬೆಳೆಯೇನೋ ಎಂಬಂತೆ ಕಬ್ಬು ನೋಡಿಕೊಂಡು ಬರುತ್ತಿದ್ದರು. ಕಟಾವಿನ ದಿನ ಸಾಲಿನಲ್ಲಿ ಕೈಯಾಡಿಸಿ, ಮೂಳೆ ಅಂಟಿದ ಮಡಕೆಯ ಚೂರೊಂದನ್ನು ಎತ್ತಿ ಕಟಾವಿನವರ ಮುಂದಿಟ್ಟರು. ಹಾಳೂರಿನಲ್ಲಿ ಸತ್ತವರನ್ನು ಹೂತ ಮಣ್ಣಿದು ಎಂದಷ್ಟೇ ಹೇಳಿದರು. ಮಚ್ಚು ಕೆಳಗಿಟ್ಟು ಎಲ್ಲರೂ ಹೊರಟರು. ಸುದ್ದಿ ಹಬ್ಬಿ, ಪಾಂಡವಪುರದಿಂದಲೂ ಕಟಾವಿಗೆ ಯಾರೂ ಬರಲಿಲ್ಲ. ಕಬ್ಬು ಹೂಬಿಟ್ಟು ಒಣಗತೊಡಗಿತು. ನನ್ನ ಹೊಟ್ಟೆ ತಣ್ಣಗಾಯಿತು, ಸುಳ್ಳೇಕೆ ಹೇಳಲಿ!

ಮಣ್ಣು ಎಲ್ಲಿಂದ ತಂದಿರೋ ಅಲ್ಲಿಗೇ ಹಾಕಿದರೆ ಮಾತ್ರ ಕಟಾವು, ಮೊದಲ ಮಂಕರಿ ನೀವೇ ಹೊರಬೇಕು ಎಂದು ಕಟಾವಿನ ಮೇಸ್ತ್ರಿ ಯಜಮಾನನ ಮುಂದೆ ಹಟ ಹಿಡಿದ. ಯಜಮಾನ ಮಂಕರಿ ಹೊತ್ತು ದಡಕ್ಕಿಳಿದಾಗ ಊರಿಗೆ ಊರೇ ನೋಡುತ್ತಿತ್ತು. ಇನ್ನು ದಿಬ್ಬ ಸರಿಹೋಗುತ್ತದಾ ಎಂದು ಸಾಬರನ್ನು ಕೇಳಿದೆ.

“ಆಗಕಿಲ್ಲ ಕಣ್ಲಾ. ಕದ್ದೋನ್ಯಾರು ಅಂತ ಗೊತ್ತಾಯ್ತಲ್ಲ, ಸಾಕು.”

ಕೆಲಸ ಮಾತ್ರ ಮರಳಿ ಬರಲಿಲ್ಲ. ಹೋದ ವರ್ಷ ತೀರಿಕೊಂಡರು. ಮಣ್ಣಿಗೆ ಬಂದವರು ಗುಂಡಿಗೆ ಮೂರು ಹಿಡಿ ಮಣ್ಣು ಹಾಕುವುದು ಅವರ ಪದ್ಧತಿ. ಯಜಮಾನನೂ ಬಂದು ಬಗ್ಗಿದ. ನಾನು ಅವನ ಮುಂಗೈ ಹಿಡಿದೆ.

“ಈ ಮಣ್ಣು ಮುಟ್ಬ್ಯಾಡಿ.”

“ಅವತ್ತು ಅರಿಗೋಲು ನಿಂದೇ ಅಲ್ವೇನ್ಲಾ?”

ಹೌದು ಎಂದೆ, ಎಲ್ಲರಿಗೂ ಕೇಳುವಂತೆ. ಸಾಬರು ಸಾಯುವ ತನಕ ಬಾಯಿಬಿಟ್ಟು ಹೇಳದ ಹೆಸರನ್ನು ಅವರ ಗುಂಡಿಯ ಮುಂದೆ ನಾನೇ ಹೇಳಿದೆ. ಯಜಮಾನ ಬರಿಗೈಯಲ್ಲಿ ಹೋದ. ನಾನೂ ಮಣ್ಣು ಹಾಕಲಿಲ್ಲ.