ಬೈರಾಸಿನ ಕೆಳಗೆ ಹತ್ತು ಬೆರಳು

ಟೀಚರರ ಎರಡೂ ಕಿರುಬೆರಳುಗಳು ಹೊರಕ್ಕೆ ಬಾಗಿದ್ದವು. ಮೂವತ್ತು ವರ್ಷ ಟೈಪ್‌ರೈಟರಿನ ಗಟ್ಟಿ ಕೀಲಿಗಳನ್ನು ಕುಟ್ಟಿದ್ದರ ಗುರುತು. ಚಹಾದ ಲೋಟ ಹಿಡಿದಾಗಲೂ ಅವು ಉಳಿದ ಬೆರಳುಗಳ ಜೊತೆ ಸೇರದೆ ಬೇರೆಯೇ ನಿಲ್ಲುತ್ತಿದ್ದವು.

ಬಿಕರ್ನಕಟ್ಟೆಯ ತಮ್ಮ ಮನೆಯ ಎದುರು ಕೋಣೆಯಲ್ಲಿ ಅವರು ನನ್ನ ಅಮ್ಮನಿಗೂ ಟೈಪಿಂಗ್ ಕಲಿಸಿದ್ದರು, ನನಗೂ. ಯಾರಾದರೂ ಕೀಲಿಗಳನ್ನು ನೋಡಿಕೊಂಡು ಟೈಪ್ ಮಾಡಿದರೆ ಅವರ ಕೈಗಳ ಮೇಲೆ ಕೆಂಪು ಗೀಟಿನ ಬೈರಾಸ ಹೊದಿಸಿಬಿಡುತ್ತಿದ್ದರು. ಒಗೆದೊಗೆದು ತೆಳುವಾಗಿದ್ದ ಆ ಟವೆಲಿಗೆ ನಾವು ಬೆತ್ತಕ್ಕಿಂತ ಹೆಚ್ಚು ಹೆದರುತ್ತಿದ್ದೆವು. ಟೈಪ್‌ರೈಟರಿನ ಕಾಲ ಮುಗಿದ ಮೇಲೆ ಟೀಚರ್ ಎಲ್ಲಿಂದಲೋ ಆರು ಹಳೆ ಕಂಪ್ಯೂಟರ್ ತಂದು ಹೆಂಗಸರಿಗೆ ಕಲಿಸತೊಡಗಿದರು. ಅಷ್ಟರಲ್ಲಿ ನಾನು ಕೊಡಿಯಾಲ್‌ಬೈಲಿನಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟಿದ್ದೆ. ಪ್ರತಿಯೊಂದರಲ್ಲೂ ಎರಡೆರಡು ವ್ಯವಸ್ಥೆ ಹಾಕಿಕೊಟ್ಟವನು ನಾನೇ: ಟೈಪಿಂಗ್ ಪರೀಕ್ಷೆಯ ಅಭ್ಯಾಸಕ್ಕೆ ವಿಂಡೋಸ್, ಇಂಟರ್ನೆಟ್ಟಿಗೆ ಲಿನಕ್ಸ್. ಸ್ವಿಚ್ ಹಾಕಿದ ಕೂಡಲೇ ಯಾವುದು ಬೇಕೆಂದು ಕೇಳುವ ಕಪ್ಪು ಪರದೆ ಬರುತ್ತಿತ್ತು. ಒಂದಷ್ಟು ಇಂಗ್ಲಿಷ್ ಸಾಲುಗಳು, ಕೆಳಗೆ ಹತ್ತರಿಂದ ಸೊನ್ನೆಗೆ ಇಳಿಯುವ ಅಂಕಿ. ಅಷ್ಟರೊಳಗೆ ಆರಿಸದಿದ್ದರೆ ವಿಂಡೋಸ್ ತಾನಾಗಿ ತೆರೆದುಕೊಳ್ಳುತ್ತಿತ್ತು.

ಆ ಪರದೆಗೆ ಹೆದರಿ ಟೈಲರಕ್ಕ ತರಗತಿಯನ್ನೇ ಬಿಟ್ಟರು. ಪಕ್ಕದ ಓಣಿಯ ಬ್ಯಾರಿ ಸಮುದಾಯದ ಹೆಂಗಸು, ತಾವು ಹೊಲಿದ ಬಟ್ಟೆಗಳ ಚಿತ್ರವನ್ನು ಇಂಟರ್ನೆಟ್ಟಿಗೆ ಹಾಕಲು ಕಲಿಯಬೇಕೆಂದು ಬಂದವರು. ಅಂಕಿ ಸೊನ್ನೆಗಿಳಿದು ಬೇಡದ್ದು ತೆರೆದುಕೊಂಡಾಗ ಮಿಷನ್ ತಮ್ಮಿಂದಲೇ ಹಾಳಾಯಿತೆಂದು ತಿಳಿದರಂತೆ. ಟೀಚರಿಗೆ ಅದು ದೊಡ್ಡ ಪೆಟ್ಟು. ಅವರಲ್ಲಿಗೆ ಬಂದವರು ಹೆದರಿ ಬಿಟ್ಟುಹೋದದ್ದು ಅದೇ ಮೊದಲು. ಈ ಪರದೆ ಇಟ್ಟುಕೊಂಡು ಅವಳನ್ನು ಯಾವ ಮುಖದಲ್ಲಿ ಕರೆಯಲಿ ಎಂದು ನನ್ನನ್ನೇ ಕೇಳಿದರು.

ನನಗೆ ಎಲ್ಲಿಲ್ಲದ ಹುರುಪು ಬಂತು. ಗಿರಾಕಿಗಳ ಮಿಷನ್‌ಗಳನ್ನು ಬದಿಗಿಟ್ಟು ಚಿತ್ರಗಳಿರುವ ಹೊಸ ಪರದೆ ಕಟ್ಟತೊಡಗಿದೆ. ಹಿನ್ನೆಲೆಗೆ ಪಣಂಬೂರಿನ ಕಡಲು, ನಡುವೆ ಹೊಳೆಯುವ ಎರಡು ಲಾಂಛನ, ಅಂಕಿಯ ಬದಲು ಮೆಲ್ಲಗೆ ಕರಗಿಹೋಗುವ ಬಂಗಾರದ ಬಳೆ. ಅದು ಮೊದಲ ಸಲ ಮೂಡಿದಾಗ ಅಂಗಡಿಯಲ್ಲಿ ಒಬ್ಬನೇ ನಿಂತು ಚಪ್ಪಾಳೆ ತಟ್ಟಿದ್ದೆ.

ಶನಿವಾರ ಟೀಚರ್ ಟೈಲರಕ್ಕನನ್ನು ಒತ್ತಾಯ ಮಾಡಿ ಕರೆಸಿದರು. ಪಕ್ಕದಲ್ಲಿ ನಾನು ಕುಳಿತೆ. ತೋರಿಸಿಕೊಡಲು ಕೈ ಎತ್ತಿದ್ದೇ ತಡ, ಬೈರಾಸ ಬಂದು ನನ್ನ ಕೈ ಮೇಲೆ ಬಿತ್ತು. ಬಾಯಿಯನ್ನೂ ತೆರೆಯಬಾರದೆಂದು ಅಪ್ಪಣೆಯಾಯಿತು. ಟೈಲರಕ್ಕ ಲಾಂಛನಗಳನ್ನು ನೋಡಿದರು, ಬಳೆಯನ್ನು ನೋಡಿದರು, ಚಾಚಿದ ಬೆರಳನ್ನು ಹಿಂದಕ್ಕೆ ಎಳೆದುಕೊಂಡರು. ಬಳೆ ಕರಗಿತು. ಬೇಡದ್ದೇ ತೆರೆಯಿತು.

"ನಾನು ಎಂತ ಮುಟ್ಲಿಲ್ಲ ಟೀಚರ್," ಎಂದು ಅವರು ಚೀಲ ಎತ್ತಿಕೊಂಡು ಎದ್ದೇಬಿಟ್ಟರು.

ಟೀಚರ್ ಬೈದದ್ದು ನನಗೆ, ಕೊಂಕಣಿಯಲ್ಲಿ ಮಗನೇ ಎಂದು ಕರೆದೇ. "ಪುತಾ, ಮನೆಗೆ ಬಂದವರ ಹತ್ರ ಚಾಯವಾ ಕಾಫಿಯಾ ಅಂತ ಕೇಳಿ, ಎದುರಲ್ಲೇ ಹತ್ತು ಎಣಿಸ್ತಾರಾ? ಅದಕ್ಕೆಂತ ಅರ್ಜೆಂಟ್ ಉಂಟು ಮಾರಾಯ? ಅದು ಕಾಯ್ಲಿ."

ನನ್ನ ಮುಖ ದಪ್ಪಗಾಯಿತು. ಅಷ್ಟು ಚಂದದ ಬಳೆ. ಆದರೆ ಕೈ ಕಟ್ಟಿಕೊಂಡು ನೋಡಿದ್ದರಿಂದಲೇ ಆ ಹಿಂದೆ ಸರಿದ ಬೆರಳು ನನಗೂ ಕಂಡಿತ್ತು. ಟೈಲರಕ್ಕನನ್ನು ಕೂರಿಸಿ, ಏನಿದ್ದರೆ ಗೊತ್ತಾಗುತ್ತದೆ ಎಂದು ಮೊದಲ ಸಲ ಕೇಳಿದೆ. ಲಾಂಛನಗಳು ಹೋದವು, ಕಡಲೂ ಹೋಯಿತು. ಪರೀಕ್ಷೆಗೆ ಟೀಚರರ ಹಳೆ ಟೈಪ್‌ರೈಟರಿನ ಚಿತ್ರ, ಇಂಟರ್ನೆಟ್ಟಿಗೆ ಭೂಗೋಳ, ಕೆಳಗೆ ದಪ್ಪ ಕನ್ನಡ ಅಕ್ಷರ. ಬಳೆಯನ್ನು ಕಿತ್ತೇ ಹಾಕಿದೆ.

ಮುಂದಿನ ಶನಿವಾರ ಟೈಲರಕ್ಕ ಆ ಪರದೆಯನ್ನು ನೋಡುತ್ತ ಎಷ್ಟು ಹೊತ್ತು ಕುಳಿತರೆಂದರೆ, ಬೈರಾಸಿನ ಕೆಳಗೆ ನನ್ನ ಹತ್ತೂ ಬೆರಳು ಚಡಪಡಿಸಿದವು. ಕೊನೆಗೆ ಬಾಣದ ಕೀಲಿ ಒತ್ತಿದರು. ಭೂಗೋಳ ಬೆಳಗಿತು. ಎಂಟರ್ ಒತ್ತಿದರು. ತೆರೆಯಿತು. ಟೀಚರ್ ಆ ಬಾಗಿದ ಕಿರುಬೆರಳುಗಳಿಂದ ಮೇಜಿನ ಮೇಲೆ ಬ್ಯಾಂಡ್ ಬಾರಿಸಿದರು. ಅಷ್ಟು ಸಂತೋಷವನ್ನು ನಾನು ಬೇರೆ ಯಾವ ಕೆಲಸದಲ್ಲೂ ಕಂಡಿಲ್ಲ.

ಟೀಚರ್ ಹೋದ ವರ್ಷ ತೀರಿಕೊಂಡರು. ಮಿಷನ್ ಬಿಚ್ಚಿ ಜೋಡಿಸುವುದನ್ನು ನಾನು ಎಲ್ಲೆಲ್ಲೋ ಕಲಿತೆ, ಅದರ ಮುಂದೆ ಕೂತವರನ್ನು ನೋಡುವುದನ್ನು ಮಾತ್ರ ಅವರಿಂದಲೇ ಕಲಿತದ್ದು. ಈಗ ಅದೇ ಕೋಣೆಯಲ್ಲಿ ತರಗತಿ ನಡೆಸುವವರು ಟೈಲರಕ್ಕ. ಮೊನ್ನೆ ಹೋದಾಗ ಹೊಸದಾಗಿ ಸೇರಿದ ಹೆಂಗಸೊಬ್ಬರು ಪರದೆಯ ಮುಂದೆ ಸುಮ್ಮನೆ ಕುಳಿತಿದ್ದರು. ಬಹಳ ಹೊತ್ತಾಯಿತು. ನನ್ನ ಕೈ ತಾನಾಗಿ ಮೇಲೆದ್ದಿತು.

ಟೈಲರಕ್ಕ ಗೋಡೆಯ ಮೊಳೆಯಿಂದ ಆ ಕೆಂಪು ಗೀಟಿನ ಬೈರಾಸ ತೆಗೆದು ನನ್ನ ಕೈಗಳ ಮೇಲೆ ಹೊದಿಸಿದರು. ಪರದೆ ಕಾಯುತ್ತಿತ್ತು. ನಾನೂ ಕಾದೆ.